ವೈರಿಂಗ್ ಮಾಡಿಸಿದ ಮೇಲೆ ಸ್ಟಾರ್ಟ್ ಆಗದ ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಕಳೆದ ಶನಿವಾರ ಪೇಟೆಯ ಆಕ್ಸೆಸರಿ ಅಂಗಡಿಯೊಂದರಲ್ಲಿ ಟಚ್‌ಸ್ಕ್ರೀನ್ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ ಮತ್ತು ರಿಮೋಟ್ ಅಲಾರಂ ಹಾಕಿಸಿದೆ. ಅಲಾರಂನ ವೈರ್ ಎಳೆಯಲು ಸ್ಟೀರಿಂಗ್ ಸುತ್ತಲಿನ ಪ್ಲಾಸ್ಟಿಕ್ ಮುಚ್ಚಳಗಳನ್ನೆಲ್ಲ ಬಿಚ್ಚಿದ್ದರು. ಅಂದು ಸಂಜೆ ಏನೂ ತೊಂದರೆಯಿಲ್ಲದೆ ಊರಿಗೆ ಬಂದೆ. ಸೋಮವಾರ ಬೆಳಿಗ್ಗೆ ಸೆಲ್ಫ್ ಜೋರಾಗಿಯೇ ತಿರುಗಿತು, ಎಂಜಿನ್ ಒಂದು ಕ್ಷಣ ಸ್ಟಾರ್ಟ್ ಆಗಿ ನಿಂತುಹೋಯಿತು. ಆಮೇಲೆ ಎಷ್ಟು ಪ್ರಯತ್ನಿಸಿದರೂ ಅದೇ ಕತೆ. ಮೀಟರಿನಲ್ಲಿ ಕಾರು ಮತ್ತು ಕೀಲಿಯ ಚಿತ್ರವಿರುವ ದೀಪ ಮಿಣುಕುತ್ತದೆ. ಅಂಗಡಿಯವರು ಬ್ಯಾಟರಿ ಬದಲಿಸಿ ಎನ್ನುತ್ತಾರೆ, ನಮ್ಮೂರಿನ ಮೆಕ್ಯಾನಿಕ್ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟಿದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ನೀವು ಗಮನಿಸಿ ಬರೆದಿರುವ ಎರಡು ಸಂಗತಿಗಳೇ, ಅಂದರೆ ಸೆಲ್ಫ್ ಜೋರಾಗಿ ತಿರುಗುವುದು ಮತ್ತು ಕೀಲಿಯ ದೀಪ ಮಿಣುಕುವುದೇ, ದೋಷ ಎಲ್ಲಿರಬಹುದೆಂಬುದನ್ನು ಹೆಚ್ಚುಕಡಿಮೆ ಹೇಳಿಬಿಡುತ್ತವೆ.

ಮೊದಲು ಬ್ಯಾಟರಿಯ ವಿಚಾರ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರ್ ಕೂಡ ಎಂಜಿನ್ ತಿರುಗಿಸುವಾಗ ನೂರು ಆಂಪಿಯರ್‌ಗೂ ಹೆಚ್ಚು ಕರೆಂಟ್ ಎಳೆಯುತ್ತದೆ. ಬ್ಯಾಟರಿ ಸೋತಿದ್ದರೆ ಸೆಲ್ಫ್ ನರಳುತ್ತ ತಿರುಗಬೇಕಿತ್ತು, ಇಲ್ಲವೇ ಕಟಕಟ ಸದ್ದು ಮಾಡಿ ಸುಮ್ಮನಾಗಬೇಕಿತ್ತು. ಇನ್ನೂ ಅನುಮಾನವಿದ್ದರೆ ಮಲ್ಟಿಮೀಟರ್ ಹಿಡಿದು ನೋಡಿ: ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ ಎಂದರ್ಥ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 10 ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಬ್ಯಾಟರಿಯನ್ನು ದೂರುವಂತಿಲ್ಲ.

ಇಸಿಎಂ ಬಗ್ಗೆ ಇಷ್ಟೇ ಹೇಳಬಲ್ಲೆ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹತ್ತಿಕೊಂಡರೆ ಮತ್ತು ಕಾರಿನ ದೋಷ ಓದುವ ಸ್ಕ್ಯಾನರ್ ಜೋಡಿಸಿದಾಗ ಅದು ಇಸಿಎಂ ಜೊತೆ ಮಾತಾಡಿದರೆ, ಇಸಿಎಂ ಇನ್ನೂ ಜೀವಂತವಾಗಿದೆ. ಸ್ಕ್ಯಾನರ್ ಹಾಕದೆಯೇ ಇಸಿಎಂ ಹೋಗಿದೆ ಎಂದು ಹೇಳುವವರಿಗೆ ಕಾರು ಬಿಟ್ಟುಕೊಡಬೇಡಿ. ನನ್ನ ಅನುಭವದಲ್ಲಿ ಕಟ್ಟಕಡೆಗೆ ಅನುಮಾನಿಸಬೇಕಾದ ಭಾಗವದು, ಆದರೆ ಬೆಲೆ ಹೆಚ್ಚಿರುವುದರಿಂದಲೋ ಏನೋ, ಹಲವರಿಗೆ ಮೊದಲು ನೆನಪಾಗುವುದೂ ಅದೇ.

ಮಿಣುಕುವ ದೀಪ ಇಮ್ಮೊಬಿಲೈಸರ್‌ಗೆ, ಅಂದರೆ ಕಾರಿನ ಕಳವು ತಡೆಯುವ ವ್ಯವಸ್ಥೆಗೆ ಸೇರಿದ್ದು. ನಿಮ್ಮ ಕೀಲಿಯ ತಲೆಯೊಳಗೆ ಒಂದು ಚಿಪ್ ಇದೆ, ಕೀಲಿ ತೂರಿಸುವ ಲಾಕಿನ ಸುತ್ತ ಬಳೆಯಂತಹ ಒಂದು ಕಾಯಿಲ್ ಇದೆ. ಕಾಯಿಲ್ ಚಿಪ್ಪಿನ ಗುರುತನ್ನು ಓದಿ ಒಳಗೆ ತಿಳಿಸುತ್ತದೆ. ಗುರುತು ಹೊಂದದಿದ್ದರೆ ಅಥವಾ ಓದಲು ಬಾರದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಇಲ್ಲವೇ ಕಿಡಿ ನಿಂತುಹೋಗುತ್ತದೆ. ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ತಿರುಗುವುದಿಲ್ಲ. ಇನ್ನು ಕೆಲವು, ನಿಮ್ಮದರಂತೆಯೇ, ಒಂದು ಕ್ಷಣ ಸ್ಟಾರ್ಟ್ ಆಗಿ ನಿಲ್ಲುತ್ತವೆ. ಈ ಕಾಯಿಲ್‌ನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಇರುವುದು ಅಂಗಡಿಯವರು ಬಿಚ್ಚಿದ ಆ ಮುಚ್ಚಳದ ಒಳಗೇ. ಅದು ಅರೆಬರೆ ಕುಳಿತಿದ್ದರೆ ಮನೆಯವರೆಗೆ ಕಾರು ಬರುವುದೂ, ದಾರಿಯ ಕುಲುಕಾಟಕ್ಕೆ ಸಡಿಲಗೊಂಡು ಮುಂದಿನ ಸಲ ಸ್ಟಾರ್ಟ್ ಆಗದಿರುವುದೂ ಆಶ್ಚರ್ಯವಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿಂದ ಆರಂಭಿಸಿ. ಕಾರಿನ ಜೊತೆ ಬಂದ ಎರಡನೆಯ ಕೀಲಿಯನ್ನು ಗೊಂಚಲಿಗೆ ಸೇರಿಸದೆ, ಹೊಸ ಅಲಾರಂ ರಿಮೋಟನ್ನು ದೂರವಿಟ್ಟು ಬಳಸಿ ನೋಡಿ. ಒಂದೇ ಗೊಂಚಲಿನಲ್ಲಿ ಎರಡು ಚಿಪ್ ಕೀಲಿಗಳಿದ್ದರೂ ಓದುವಿಕೆ ಕೆಡುವುದುಂಟು. ಅದರಿಂದಲೂ ದೀಪ ಮಿಣುಕುವುದು ನಿಲ್ಲದಿದ್ದರೆ ಮುಚ್ಚಳ ಬಿಚ್ಚಿಸಿ ಕಾಯಿಲ್‌ನ ಕಪ್ಲರನ್ನು ಕ್ಲಿಕ್ ಎನ್ನುವಂತೆ ಕೂರಿಸಬೇಕು. ಆದರೆ ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಲೇಬೇಕು. ಆ ಜಾಗದಲ್ಲಿ ಹಳದಿ ಬಣ್ಣದ ಕಪ್ಲರ್ ಅಥವಾ ಕವಚ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ತಾಗಿಸುವುದಾಗಲಿ, ಟೆಸ್ಟ್ ಲ್ಯಾಂಪ್ ಚುಚ್ಚುವುದಾಗಲಿ ಕೂಡದು.

ಕಪ್ಲರ್ ಸರಿಯಿದ್ದರೆ ಮುಂದಿನ ಅನುಮಾನ ಹೊಸ ಅಲಾರಂ ಮೇಲೆ. ಇಂತಹ ಕಿಟ್‌ಗಳಲ್ಲಿ ಹಲವಕ್ಕೆ ಎಂಜಿನ್ ಕಟ್ ಮಾಡುವ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ ಇರುತ್ತದೆ. ಅದನ್ನು ಜೋಡಿಸಲು ಇಗ್ನಿಷನ್ ಅಥವಾ ಪೆಟ್ರೋಲ್ ಪಂಪಿನ ಮೂಲ ವೈರನ್ನು ಕತ್ತರಿಸಿ, ಎರಡು ತುದಿಗಳನ್ನು ರಿಲೇಗೆ ತಿರುಚಿ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿರುತ್ತಾರೆ. ಬೇಸಿಗೆಯಲ್ಲಿ ಟೇಪಿನ ಅಂಟು ಕರಗುತ್ತದೆ, ತಿರುಚಿದ ಎಳೆಗಳು ಬಿಚ್ಚಿಕೊಳ್ಳುತ್ತವೆ. ಪತ್ತೆ ಮಾಡುವ ಬಗೆ ಹೀಗೆ: ರೇಡಿಯೊ, ಫ್ಯಾನ್ ಎಲ್ಲವನ್ನೂ ಆರಿಸಿ ಕೀ ಆನ್ ಮಾಡಿದರೆ ಹಿಂದಿನ ಸೀಟಿನ ಕಡೆಯಿಂದ ಸುಮಾರು ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಬೇಕು. ಸದ್ದೇ ಇಲ್ಲದಿದ್ದರೆ ಮೊದಲು ಪಂಪಿನ ಫ್ಯೂಸ್, ಬಳಿಕ ಈ ರಿಲೇಯನ್ನು ನೋಡಬೇಕು. ಅಲಾರಂ ಹಾಕಿದವರನ್ನೇ ಕರೆಸಿ ಕತ್ತರಿಸಿದ ವೈರನ್ನು ಮೊದಲಿನಂತೆ ಬೆಸೆದುಕೊಡಲು ಹೇಳಿ. ನಿಮ್ಮ ಕಾರಿನಲ್ಲಿ ಕಂಪನಿಯದೇ ಇಮ್ಮೊಬಿಲೈಸರ್ ಇರುವಾಗ ಇನ್ನೊಂದು ಕಟ್ ರಿಲೇ ಏಕೆ ಬೇಕಿತ್ತೆಂಬುದು ನನಗಂತೂ ತಿಳಿಯದು.

ಫ್ಯೂಸ್ ಹೋಗಿದ್ದರೆ ಅದೇ ಆಂಪಿಯರಿನದನ್ನು ಹಾಕಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ನೀಲಿಯ ಜಾಗಕ್ಕೆ ಹಸಿರು ಹಾಕಿದರೆ ಶಾರ್ಟ್ ಆದಾಗ ಫ್ಯೂಸಿನ ಬದಲು ವೈರ್ ಸುಡುತ್ತದೆ. ಹಾಗೆಯೇ ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಸಿಎಂನ ವೈರುಗಳಿಗೆ ಚುಚ್ಚಲು ಯಾರಿಗೂ ಬಿಡಬೇಡಿ. ಅದು ಎಳೆಯುವ ಕರೆಂಟಿಗೆ ಚೆನ್ನಾಗಿದ್ದ ಇಸಿಎಂ ಕೂಡ ಕೆಟ್ಟೀತು, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗಿಬಿಡುತ್ತದೆ.

ಪ್ರಶ್ನೆ: ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಕಾರನ್ನು ದಿನವೂ ಓಡಿಸಿದರೆ ಸರಿಯಾಗಿರುತ್ತದೆ, ಮೂರು ದಿನ ನಿಲ್ಲಿಸಿದರೆ ಸೆಲ್ಫ್ ಕಟಕಟ ಎನ್ನುತ್ತದೆ. ಬ್ಯಾಟರಿ ಹೊಸದು. ಕಾರಣವೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಸ್ಟೀರಿಯೊ ಪೂರ್ತಿ ಆಫ್ ಆಗುತ್ತಿಲ್ಲವೆಂದು ತೋರುತ್ತದೆ. ಅದರ ಹಳದಿ ವೈರಿಗೆ ಸದಾ ಕರೆಂಟ್ ಇರಬೇಕು, ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಎರಡನ್ನೂ ಒಟ್ಟಿಗೆ ತಿರುಚಿ ಸದಾ ಕರೆಂಟಿರುವ ವೈರಿಗೆ ಕಟ್ಟಿದರೆ ಜೋಡಣೆಯ ಕೆಲಸ ಬೇಗ ಮುಗಿಯುತ್ತದೆ, ಆದರೆ ಸೆಟ್ಟು ರಾತ್ರಿಯೆಲ್ಲ ಅರೆನಿದ್ದೆಯಲ್ಲಿರುತ್ತದೆ. ಅದು ಅರ್ಧ ಆಂಪಿಯರ್ ಎಳೆದರೂ 35 ಆಂಪಿಯರ್-ಅವರ್ ಬ್ಯಾಟರಿ 70 ಗಂಟೆಯಲ್ಲಿ ಬರಿದಾಗುತ್ತದೆ. ಸೆಲ್ಫ್ ಸೋಲುವುದು ಅದಕ್ಕೂ ಮೊದಲೇ. ನಿಮ್ಮ ಮೂರು ದಿನದ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಖಚಿತಪಡಿಸಿಕೊಳ್ಳಲು ಕಾರನ್ನು ಲಾಕ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕಳಚಿದ ವೈರಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸಾಕೆಟ್ಟಿನಲ್ಲಿ ಜೋಡಿಸಿ ಅರ್ಧ ಗಂಟೆ ಬಿಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಸ್ಟೀರಿಯೊದ ಫ್ಯೂಸ್ ಎಳೆದು ನೋಡಿ, ಅಂಕಿ ಇಳಿದರೆ ಕಳ್ಳ ಸಿಕ್ಕಿದಂತೆ. ಮೀಟರ್ ಹೀಗೆ ಜೋಡಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬೇಡಿ.

ಪ್ರಶ್ನೆ: ಇನ್ನೊಂದು ಬ್ಯಾಟರಿಯಿಂದ ಕರೆಂಟ್ ತರುವ ಜಂಪ್ ಕೇಬಲನ್ನು ಉಲ್ಟಾ ಜೋಡಿಸಿದ್ದರಿಂದ ದೊಡ್ಡ ಕಿಡಿ ಹಾರಿತು. ಈಗ ಹಾರನ್ ಕೂಡ ಬರುತ್ತಿಲ್ಲ. ಎಲ್ಲ ಸುಟ್ಟುಹೋಯಿತೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಎಲ್ಲ ಸುಟ್ಟಿರಲಿಕ್ಕಿಲ್ಲ. ಬ್ಯಾಟರಿಯ ಪಾಸಿಟಿವ್ ಬಳಿ, ಬಹಳಷ್ಟು ಕಾರುಗಳಲ್ಲಿ ಬೋಲ್ಟ್ ಹಾಕಿ ಕೂರಿಸಿರುವ ಮೇನ್ ಫ್ಯೂಸ್ ಮೊದಲು ಹೋಗಿರುತ್ತದೆ, ಇರುವುದೇ ಅದಕ್ಕಾಗಿ. ಆದರೆ ಅದನ್ನು ಬದಲಿಸಿ ಕಾರು ಸ್ಟಾರ್ಟ್ ಆದೊಡನೆ ಹೊರಟುಬಿಡಬೇಡಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಇಂತಹ ಹೊತ್ತಿನಲ್ಲಿ ಕೆಡುವುದು ಸಾಮಾನ್ಯ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಬರದಿದ್ದರೆ ಆಲ್ಟರ್ನೇಟರ್ ಬಿಚ್ಚಿಸಿ ತೋರಿಸಿ.