ಮಳೆ ನೀರು ಯಾರ ಹೊಲಕ್ಕೆ ಹೋಗಬೇಕು?

ಮನೆ, ಪ್ಲಾಟ್, ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಹೊಲ ಹೋಗಿ ಲೇಔಟ್ ಬಂತು, ಈಗ ಮಳೆ ನೀರಿನ ಗತಿ ಏನು ಅಂತ ಕೇಳಿದ್ದೀರಿ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇಡೀ ಪುಟವನ್ನು ಇವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿ ಹತ್ತಿರ ನಮ್ಮದು ಮೂರು ಎಕರೆ ಎರೆ ಹೊಲ. ಮೇಲಿನ ಹೊಲ ಎರಡು ವರ್ಷದ ಹಿಂದೆ ಎನ್‌ಎ (ಕೃಷಿಯೇತರ ಜಮೀನು) ಆಗಿ ಲೇಔಟ್ ಆಯಿತು. ಅವರ ಗಟಾರದ ಪೈಪು ಸೀದಾ ನಮ್ಮ ಬದುವಿಗೆ ಮುಖ ಮಾಡಿದೆ. ಹೋದ ಮಳೆಗಾಲದಲ್ಲಿ ಬದು ಎರಡು ಕಡೆ ಒಡೆದು ಹೆಸರು ಬೆಳೆ ಕೊಚ್ಚಿ ಹೋಯಿತು. ಕೇಳಿದರೆ "ನೀರು ಇಳಿಜಾರಿಗೆ ಹರಿಯುವುದು ಸಹಜ" ಅನ್ನುತ್ತಾರೆ. ನಿಜವೇ? (ಒಬ್ಬ ರೈತರು, ಹುಬ್ಬಳ್ಳಿ ತಾಲ್ಲೂಕು)

ಉತ್ತರ: ಅವರ ಮಾತು ಅರ್ಧ ನಿಜ. ಇನ್ನರ್ಧವನ್ನು ಅವರು ಹೇಳುತ್ತಿಲ್ಲ.

ಮೊದಲು ಲೆಕ್ಕ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಅಂದರೆ 4,047 ಚದರ ಮೀಟರ್. 50 ಮಿ.ಮೀ. ಮಳೆ ಹೊಡೆದರೆ ಒಂದೇ ಎಕರೆಗೆ ಎರಡು ಲಕ್ಷ ಲೀಟರ್ ಬೀಳುತ್ತದೆ, ಅಂದರೆ 5,000 ಲೀಟರಿನ ಟ್ಯಾಂಕರ್ 40. ಅದು ಹೊಲ ಆಗಿದ್ದಾಗ, ಬದು ಇದ್ದಾಗ, ನೆಲ ಬಿರುಕು ಬಿಟ್ಟು ಬಾಯಾರಿದ್ದಾಗ, ಅದರಲ್ಲಿ ಹತ್ತು ಹನ್ನೆರಡು ಟ್ಯಾಂಕರ್ ಮಾತ್ರ ನಿಮ್ಮ ಕಡೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಅದೂ ನಿಧಾನವಾಗಿ, ಬದುವಿನ ಉದ್ದಕ್ಕೂ ತೆಳ್ಳಗೆ ಹರಡಿಕೊಂಡು. ಈಗ ಅಲ್ಲಿ ಡಾಂಬರು, ಕಾಂಕ್ರೀಟು, ಆರ್‌ಸಿಸಿ ಛಾವಣಿ. ಇಂಗಲು ಜಾಗ ಕಡಿಮೆ. ಸುಮಾರು 28 ಟ್ಯಾಂಕರ್ ನೀರು ಹೊರಗೆ ಬರುತ್ತದೆ. ಅದು ಮೊದಲಿನ ಹಾಗೆ ಗಂಟೆಗಟ್ಟಲೆ ತೆಗೆದುಕೊಳ್ಳುವುದಿಲ್ಲ. ಗಟಾರ ನುಣ್ಣಗಿದೆ, ಪೈಪು ನೇರವಾಗಿದೆ, ಮಳೆ ನಿಲ್ಲುವ ಮೊದಲೇ ಎಲ್ಲ ನೀರು ಒಂದೇ ಬಾಯಿಯಿಂದ ನುಗ್ಗುತ್ತದೆ. ನಿಮ್ಮ ಬದು ಒಡೆದದ್ದು ನೀರು ಜಾಸ್ತಿ ಆಗಿದ್ದಕ್ಕಿಂತ ಅದು ಒಂದೇ ಕಡೆ, ಒಂದೇ ಹೊತ್ತಿಗೆ ಬಂದದ್ದಕ್ಕೆ.

ಇನ್ನು ಕಾನೂನು. ಮೇಲಿನ ಜಮೀನಿನ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವರು ಅದನ್ನು ಹರಿಯಲು ಬಿಡಬೇಕು. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನಲ್ಲಿ ಇದು ಉದಾಹರಣೆಯಾಗಿಯೇ ಇದೆ. ಆದರೆ ಅಲ್ಲಿ ತೂಕ ಇರುವುದು 'ಸಹಜವಾಗಿ' ಅನ್ನುವ ಮಾತಿಗೆ. ನೀರನ್ನು ಒಟ್ಟುಗೂಡಿಸಿ ಪೈಪಿನಲ್ಲಿ ತಂದು ಒಬ್ಬರ ಬದುವಿಗೆ ಹೊಡೆಸುವುದು ಸಹಜ ಹೇಗಾಗುತ್ತದೆ? ಈ ಪ್ರಶ್ನೆಯನ್ನು ನಿಮ್ಮ ವಕೀಲರ ಮುಂದಿಡಿ. ಮಳೆ ಬರುವಾಗ ಪೈಪಿನ ಬಾಯಿಯ ವಿಡಿಯೊ ತೆಗೆಯಿರಿ, ತಾರೀಖು ಕಾಣಿಸಲಿ. ಒಡೆದ ಬದುವಿನ ಫೋಟೊ, ಬೆಳೆ ಹಾನಿ, ಹಳೆ ಗ್ರಾಮ ನಕಾಶೆಯ ಪ್ರತಿ, ಎಲ್ಲ ಇಟ್ಟುಕೊಳ್ಳಿ. ಲೇಔಟಿಗೆ ಮಂಜೂರಾತಿ ಕೊಟ್ಟ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿ ಮಾತಿನ ದೂರಿಗೆ ಬೆಲೆ ಇಲ್ಲ.

ಜಗಳಕ್ಕೆ ಮೊದಲು ಒಂದು ಮಾತುಕತೆ ಮಾಡಿ ನೋಡಿ. ಪೈಪಿನ ಬಾಯಲ್ಲಿ ದಪ್ಪ ಕಲ್ಲಿನ ಹಾಸು ಹಾಕಿಸಿ, ಅದರ ಮುಂದೆ ನಿಮ್ಮ ಗಡಿಯ ಉದ್ದಕ್ಕೆ ಒಂದೇ ಮಟ್ಟದ ಕಲ್ಲಿನ ತುಟಿ ಕಟ್ಟಿಸಿದರೆ ನೀರು ತುಂಬಿ, ಉದ್ದಕ್ಕೂ ತೆಳ್ಳಗೆ ಹೊರಚೆಲ್ಲುತ್ತದೆ. ಮಟ್ಟ ಒಂದು ಇಂಚು ತಪ್ಪಿದರೂ ಎಲ್ಲ ನೀರು ತಗ್ಗಿದ ಕಡೆಯೇ ಹೋಗುತ್ತದೆ, ಅದಕ್ಕೆ ನಿಂತು ಮಾಡಿಸಬೇಕು. ನಿಮ್ಮ ಕಡೆ ಬದುವಿನಲ್ಲಿ ಕಲ್ಲು ಕೋಡಿ ಬಿಡಿ, ಅದರ ಅಕ್ಕಪಕ್ಕ ಲಾವಂಚ ಹಚ್ಚಿ. ಈ ಖರ್ಚು ಅವರದ್ದಾಗಬೇಕು. ಕೇಳಲು ಸಂಕೋಚ ಬೇಡ.

ಇಷ್ಟಾದರೂ ಇದು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ನೀರನ್ನು ತಡೆದು ನಿಧಾನವಾಗಿ ಬಿಡುವ ಕೆಲಸ ಮೇಲೆ, ಲೇಔಟಿನ ಒಳಗೇ ಆಗಬೇಕು. ಮುಂದಿನ ಉತ್ತರ ಅದರ ಬಗ್ಗೆಯೇ. ಅದನ್ನು ಅವರಿಗೂ ಓದಿಸಿ.

ಪ್ರಶ್ನೆ: ಗದಗ ರಸ್ತೆ ಕಡೆ ಅಪ್ಪನಿಂದ ಬಂದ ನಾಲ್ಕು ಎಕರೆ ಇದೆ. ಅಣ್ಣ ತಮ್ಮಂದಿರು ಸೇರಿ ಪ್ಲಾಟ್ ಮಾಡುವವರಿದ್ದೇವೆ. ದೊಡ್ಡ ಗಟಾರ ಕಟ್ಟಿದರೆ ಮಳೆ ನೀರಿಗೆ ಸಾಕಲ್ವಾ? ಹೊಂಡ ಮಾಡಿ ಅಂತ ಒಬ್ಬರು ಹೇಳಿದರು, ಆದರೆ ಎರಡು ಪ್ಲಾಟ್ ಹೋಗುತ್ತವೆ. (ಹುಬ್ಬಳ್ಳಿ)

ಉತ್ತರ: ಸಾಕಾಗುವುದಿಲ್ಲ. ದೊಡ್ಡ ಗಟಾರ ನಿಮ್ಮ ನೀರನ್ನು ಇನ್ನೂ ಬೇಗ ಪಕ್ಕದವರ ಮೇಲೆ ಹಾಕುತ್ತದೆ, ಅಷ್ಟೇ. ಪೈಪಿನ ಅಡ್ಡಳತೆ ಎರಡು ಪಟ್ಟು ಮಾಡಿದರೆ, ಇಳಿಜಾರು ಅಷ್ಟೇ ಇದ್ದರೂ ಅದು ಸುಮಾರು ಆರು ಪಟ್ಟು ನೀರು ಸಾಗಿಸುತ್ತದೆ. ಮೇಲಿನ ಪತ್ರ ಬರೆದವರ ಬದುವಿಗೆ ಹೊಡೆದದ್ದು ಅಂಥದೇ ನೀರು.

ನೀವು ಹಿಡಿಯಬೇಕಾದ ಸೂತ್ರ ಒಂದೇ. ಲೇಔಟ್ ಆಗುವ ಮೊದಲು ಹೊಲದಿಂದ ಎಷ್ಟು ವೇಗದಲ್ಲಿ ನೀರು ಹೊರಗೆ ಹೋಗುತ್ತಿತ್ತೋ, ಆದ ಮೇಲೂ ಅಷ್ಟೇ ವೇಗದಲ್ಲಿ ಹೋಗಬೇಕು. ಉಳಿದದ್ದನ್ನು ಒಳಗೆ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬೇಕು. ನಾಲ್ಕು ಎಕರೆಗೆ ಒಂದು ಗಂಟೆಯಲ್ಲಿ 60 ಮಿ.ಮೀ. ಬಿದ್ದರೆ ಸುಮಾರು 9.7 ಲಕ್ಷ ಲೀಟರ್. ಹೊಲ ಇದ್ದಾಗ ನೂರಕ್ಕೆ 30 ಪಾಲು, ಲೇಔಟ್ ಆದ ಮೇಲೆ 70 ಪಾಲು ಹೊರಗೆ ಹರಿಯುತ್ತದೆ ಅಂತ ಹಿಡಿದರೆ ವ್ಯತ್ಯಾಸ ನಾಲ್ಕು ಲಕ್ಷ ಲೀಟರಿಗೆ ಹತ್ತಿರ. ಐದು ಅಡಿ ಆಳದ ಹೊಂಡಕ್ಕೆ ಇಳಿಜಾರು ದಂಡೆ ಎಲ್ಲ ಸೇರಿ ಸುಮಾರು ನಾಲ್ಕು ಗುಂಟೆ ಬೇಕು. ನಿಮ್ಮ 160 ಗುಂಟೆಯಲ್ಲಿ ನಾಲ್ಕು! ಪಾರ್ಕಿಗೆ ಹೇಗೂ ಜಾಗ ಬಿಡಲೇಬೇಕು. ಅದನ್ನು ಎತ್ತರದ ಮೂಲೆಯಲ್ಲಿ ಶೋಭೆಗೆ ಇಡುವ ಬದಲು ತಗ್ಗಿನ ಮೂಲೆಗೆ ತನ್ನಿ, ಹೊಂಡ ಅದರೊಳಗೆ ಅಥವಾ ಪಕ್ಕದಲ್ಲಿ ಬರಲಿ. ನಕ್ಷೆ ಮಂಜೂರಿಗೆ ಕೊಡುವಾಗಲೇ ಇದನ್ನು ತೋರಿಸಿ ಒಪ್ಪಿಗೆ ಪಡೆಯಿರಿ, ಆಮೇಲೆ ಸೇರಿಸುವುದು ಕಷ್ಟ. ಇದು ಅಂದಾಜು ಲೆಕ್ಕ. ನಿಮ್ಮ ಎಂಜಿನಿಯರ್ ಸ್ಥಳದ ಮಳೆ ಅಂಕಿ, ಮಣ್ಣು, ಇಳಿಜಾರು ಹಿಡಿದು ಸರಿಯಾಗಿ ಮಾಡಲಿ.

ಹೊಂಡದ ತಳದಲ್ಲಿ ಸಣ್ಣ ಪೈಪು ಇರಲಿ, ನೀರು ಒಂದೆರಡು ದಿನದಲ್ಲಿ ನಿಧಾನವಾಗಿ ಖಾಲಿ ಆಗಬೇಕು. ಮೇಲೆ ಅಗಲವಾದ ಕೋಡಿ ಇರಲಿ, ಅತಿ ಮಳೆ ಬಂದಾಗ ದಂಡೆ ಒಡೆಯದೆ ಹೋಗಲು. ಕೆರೆಗೆ ಕೋಡಿ ಯಾಕೆ ಇಟ್ಟಿದ್ದಾರೆ ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ಉಣಕಲ್ ಕೆರೆ ತುಂಬಿ ನಾಲಾಕ್ಕೆ ನೀರು ಬೀಳುವುದನ್ನು ನೋಡಿಯೇ ಬೆಳೆದಿದ್ದೇವೆ. ರಸ್ತೆ ಪಕ್ಕ ಎಲ್ಲ ಕಡೆ ಕಾಂಕ್ರೀಟ್ ಗಟಾರ ಬೇಡ. ಜಾಗ ಇದ್ದಲ್ಲಿ ಹುಲ್ಲು ಬೆಳೆಸಿದ ಅಗಲವಾದ ತಗ್ಗು ಕಾಲುವೆ ಮಾಡಿ. ನೀರು ನಿಧಾನವಾಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಬಚ್ಚಲ ನೀರು, ಶೌಚಾಲಯದ ನೀರು ಯಾವ ಕಾರಣಕ್ಕೂ ಮಳೆ ಕಾಲುವೆಗೆ ಸೇರಬಾರದು.

ಈಗ ಯಾರೂ ಕೇಳದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ: ಕೆಲಸ ನಡೆಯುವಾಗಿನ ಮಣ್ಣು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಧಾರವಾಡದ ಹೊರಗೆ ಒಂದು ಲೇಔಟಿನಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಮೇ ತಿಂಗಳಲ್ಲಿ ಒಂದೇ ವಾರಕ್ಕೆ ಇಡೀ ಜಮೀನಿನ ಮೇಲ್ಮಣ್ಣು ಕೆರೆಸಿದೆವು. ಜೆಸಿಬಿ ಬಾಡಿಗೆ ಉಳಿಯುತ್ತದೆ ಅನ್ನುವುದೇ ತಲೆಯಲ್ಲಿ. ರೋಹಿಣಿ ಮಳೆ ಒಂದು ರಾತ್ರಿ ಹೊಡೆಯಿತು. ಬೆಳಿಗ್ಗೆ ಕೆಳಗಿನ ಹೊಲದ ಅಜ್ಜ ನನ್ನನ್ನು ಬಾವಿ ಹತ್ತಿರ ಕರೆದುಕೊಂಡು ಹೋದರು. ಬೈಯಲಿಲ್ಲ. ಕೊಡ ಇಳಿಸಿ, ಎತ್ತಿ, ನನ್ನ ಮುಂದೆ ನೆಲಕ್ಕೆ ಸುರಿದರು. ಕೆಂಪು ರಾಡಿ. "ಇದನ್ನ ಎಮ್ಮಿ ಕುಡೀತೈತೇನ್ರಿ ಸಾಹೇಬ್ರ?" ಅಂದರು. ಆ ಬಾವಿಯ ಹೂಳು ತೆಗೆಸಲು ಹನ್ನೊಂದು ದಿನ ಬೇಕಾಯಿತು. ತಪ್ಪು ನಮ್ಮದೇ, ನನ್ನದೂ ಹೌದು.

ಅದಕ್ಕೆ ಹೇಳುತ್ತೇನೆ, ಮೊದಲು ಹೊಂಡ ತೋಡಿ, ಆಮೇಲೆ ರಸ್ತೆ ಕೆಲಸಕ್ಕೆ ಕೈ ಹಾಕಿ. ಕೆಲಸ ಮುಗಿಯುವವರೆಗೆ ಅದೇ ಹೊಂಡ ಹೂಳು ಹಿಡಿಯುತ್ತದೆ, ಕೊನೆಗೆ ಸ್ವಚ್ಛ ಮಾಡಿ ಕೊಡಿ. ನಾಲ್ಕು ಎಕರೆಯನ್ನೂ ಒಂದೇ ಸಲ ಬೋಳಿಸಬೇಡಿ. ಒಂದು ಭಾಗ ಮುಗಿಸಿ, ಹುಲ್ಲೋ ಸೆಣಬೋ ಬಿತ್ತಿ, ಮುಂದಿನದಕ್ಕೆ ಹೋಗಿ. ತೆಗೆದ ಮೇಲ್ಮಣ್ಣನ್ನು ಹಳ್ಳದ ದಂಡೆಯಲ್ಲಿ ಗುಡ್ಡೆ ಹಾಕಬೇಡಿ, ಮೊದಲ ಮಳೆಗೇ ಅದು ಹಳ್ಳದ ಪಾಲು. ತಗ್ಗಿನ ಗಡಿಗೆ ಗೂಟ ನೆಟ್ಟು ಗಟ್ಟಿ ಬಟ್ಟೆ ಕಟ್ಟಿ, ಬಟ್ಟೆಯ ಕೆಳ ಅಂಚನ್ನು ಅರ್ಧ ಅಡಿ ಮಣ್ಣಲ್ಲಿ ಹೂಳಿ. ಇಲ್ಲದಿದ್ದರೆ ನೀರು ಅಡಿಯಿಂದ ನುಸುಳಿ ಹೋಗುತ್ತದೆ. ಟಿಪ್ಪರ್ ಹೊರಗೆ ಹೋಗುವ ದಾರಿಗೆ ದಪ್ಪ ಖಡಿ ಹಾಸಿ, ರಸ್ತೆಗೆ ಕೆಸರು ಬರುವುದಿಲ್ಲ.

ನಾಲ್ಕು ಎಕರೆಯ ನೀರು ಏನು ಮಹಾ ಅನ್ನಿಸಬಹುದು. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರ ನೀರು ಹಂಚುವ ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಬಿದ್ದದ್ದು ಶಾಲ್ಮಲಾ, ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ. ಬೆಣ್ಣಿಹಳ್ಳ ಉಕ್ಕಿದಾಗ ನವಲಗುಂದ ಕಡೆಯ ಹೊಲಗಳ ಗತಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ಗದಗ ರಸ್ತೆಯ ನೀರು ಹೋಗುವುದೂ ಆ ಕಡೆಗೇ.

ಪ್ರಶ್ನೆ: ಹಾವೇರಿಯಲ್ಲಿ 30x40 ಪ್ಲಾಟಿನಲ್ಲಿ ಮನೆ ಕಟ್ಟುತ್ತಿದ್ದೇವೆ. ಎರೆ ಮಣ್ಣು. ಮನೆ ಗೋಡೆಗೆ ಮೂರು ಅಡಿ ಬಿಟ್ಟು ಇಂಗು ಗುಂಡಿ ತೋಡಿಸಲೇ?

ಉತ್ತರ: ಬೇಡ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಪಾಯದ ಪಕ್ಕದಲ್ಲೇ ನೀರು ನಿಲ್ಲಿಸಿದರೆ ಗೋಡೆಗೆ ಸೀಳು ಬರುವುದು ಖಂಡಿತ ಅಂತಲೇ ತಿಳಿಯಿರಿ. ಇಂಗು ಗುಂಡಿ ಪಾಯದಿಂದ ಕನಿಷ್ಠ ಹತ್ತು ಅಡಿ ದೂರ ಇರಬೇಕು, ನಿಮ್ಮ ಪ್ಲಾಟಿನಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಅದೂ ಅಲ್ಲದೆ ಬಿರುಕು ಮುಚ್ಚಿಕೊಂಡ ಎರೆ ಮಣ್ಣಿನಲ್ಲಿ ನೀರು ಗಂಟೆಗೆ ಒಂದೆರಡು ಮಿ.ಮೀ. ಇಳಿದರೆ ಹೆಚ್ಚು. ಗುಂಡಿ ಸುಮ್ನೆ ತುಂಬಿಕೊಂಡು ನಿಲ್ಲುತ್ತದೆ.

ನಿಮಗೆ ಸರಿಯಾದದ್ದು ಸಂಪು. 900 ಚದರ ಅಡಿ ಛಾವಣಿಗೆ 30 ಮಿ.ಮೀ. ಮಳೆ ಬಿದ್ದರೆ 2,500 ಲೀಟರ್ ನೀರು. ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಡುವ ಪೈಪು, ಆಮೇಲೆ ಜಾಳಿಗೆ, ಉಸುಕು-ಖಡಿಯ ಸೋಸು ತೊಟ್ಟಿ, ಆಮೇಲೆ ಸಂಪು. ತುಂಬಿ ಹೆಚ್ಚಾದದ್ದು ರಸ್ತೆ ಕಾಲುವೆಗೆ ಹೋಗಲಿ. ಮನೆ ಸುತ್ತ ಪರ್ಸಿ ಹಾಕಿ ಹೊರಗೆ ಇಳಿಜಾರು ಕೊಡಿ.

ಜಾಗ ದೊಡ್ಡದಿರುವ ಬೇರೆ ಓದುಗರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಒಂದು ಅಡಿ ಅಗಲ, ಎರಡು ಅಡಿ ಆಳದ ತಗ್ಗು ತೋಡಿ. ಹಿಂದಿನ ದಿನ ನೀರು ತುಂಬಿ ಮಣ್ಣು ನೆನೆಯಲು ಬಿಡಿ. ಮರುದಿನ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಳೆಯಿರಿ. ಅರ್ಧ ಇಂಚಿಗಿಂತ ಕಡಿಮೆ ಇಳಿದರೆ ಇಂಗುವುದನ್ನು ನಂಬಬೇಡಿ. ಮಸಾರಿ ನೆಲದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ. ಎರೆ ಇದ್ದರೂ ಕೆಲವು ಕಡೆ ಕೆಳಗೆ ಗರಸು ಸಿಗುತ್ತದೆ, ಗುಂಡಿ ಅಲ್ಲಿಯವರೆಗೆ ಇಳಿದರೆ ಕೆಲಸ ಆದೀತು.

ಪ್ರಶ್ನೆ: ನಮ್ಮ ಬಡಾವಣೆಯ ಮಳೆ ಹೊಂಡ ಸೊಳ್ಳೆ ತಾಣ ಆಗಿದೆ. ಮುಚ್ಚಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. (ಧಾರವಾಡ)

ಉತ್ತರ: ಮುಚ್ಚಿಸಬೇಡಿ, ರಿಪೇರಿ ಮಾಡಿಸಿ. ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರಲು ಸಾಮಾನ್ಯವಾಗಿ ಒಂದು ವಾರದ ಮೇಲೆ ಬೇಕು. ಹೊಂಡ ಎರಡು ಮೂರು ದಿನದಲ್ಲಿ ಖಾಲಿ ಆದರೆ ಅದಕ್ಕೆ ಅವಕಾಶವೇ ಇಲ್ಲ. ನಿಮ್ಮಲ್ಲಿ ನೀರು ನಿಂತಿದೆ ಅಂದರೆ ತಳದ ಪೈಪಿಗೆ ಪ್ಲಾಸ್ಟಿಕ್ ಕಟ್ಟಿಕೊಂಡಿರಬೇಕು, ಇಲ್ಲವೇ ಹೂಳು ತುಂಬಿ ತಳ ಏರುಪೇರಾಗಿರಬೇಕು. ಪೈಪಿನ ಮುಂದೆ ಜಾಳಿಗೆ ಹಾಕಿಸಿ, ತಳಕ್ಕೆ ಪೈಪಿನ ಕಡೆ ಇಳಿಜಾರು ಕೊಡಿಸಿ, ಪ್ರತಿ ವರ್ಷ ಮೇ ಕೊನೆಯೊಳಗೆ ಹೂಳು ತೆಗೆಸಿ. ಈ ಕೆಲಸ ಯಾರದ್ದು, ದುಡ್ಡು ಎಲ್ಲಿಂದ ಅಂತ ಸಂಘದ ಸಭೆಯಲ್ಲಿ ಬರೆದಿಡಿ. ಬರೆದಿಡದೆ ಹೋದರೆ ಎರಡನೇ ವರ್ಷಕ್ಕೇ ಮರೆತು ಹೋಗುತ್ತದೆ, ನಾನು ನೋಡಿದ ಹೊಂಡಗಳು ಹಾಳಾದದ್ದು ಹೆಚ್ಚಾಗಿ ಹೀಗೆಯೇ.

ಪ್ರಶ್ನೆ: ಗದಗದಲ್ಲಿ ಪ್ಲಾಟ್ ಕೊಳ್ಳುವವರಿದ್ದೇವೆ. ನೀರು ನಿಲ್ಲುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ಉತ್ತರ: ಜೋರು ಮಳೆ ಬಂದ ಮರುದಿನ ಹೋಗಿ ನೋಡಿ. ಬೇಸಿಗೆಯಲ್ಲಿ ಎಲ್ಲ ಪ್ಲಾಟೂ ಚಂದ ಕಾಣುತ್ತವೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ, ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಎಲ್ಲಿ ಹೋಗಿದೆ ಹುಡುಕಿ. ಹಳೆ ಉತಾರದಲ್ಲಿ (ಪಹಣಿ) 'ಬ' ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ಇದೆಯೇ ನೋಡಿ, ಹಳ್ಳ, ದಾರಿ ಎಲ್ಲ ಅದರಲ್ಲೇ ಬರುತ್ತವೆ. ಕಾಗದದಲ್ಲಿ ಹಳ್ಳ ಇದ್ದು ಜಾಗದಲ್ಲಿ ಕಾಣದಿದ್ದರೆ ಅದನ್ನು ಯಾರೋ ಮುಚ್ಚಿದ್ದಾರೆ, ನೀರು ಮಾತ್ರ ಅದೇ ದಾರಿಗೆ ಬರುತ್ತದೆ. ಪಕ್ಕದ ಹೊಲದವರನ್ನು ಮಾತಾಡಿಸಿ, ಅವರಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರುವುದಿಲ್ಲ.

500 ಚದರ ಮೀಟರ್ ಅಂದರೆ ಸುಮಾರು ಐದು ಗುಂಟೆ. ಅದಕ್ಕಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕೇಳಿ. 2016ರ ಆ ಕಾಯ್ದೆ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕೆಲಸದ ಗುಣಮಟ್ಟದಲ್ಲಿ ಅಥವಾ ಒದಗಿಸಿದ ಸೌಕರ್ಯದಲ್ಲಿ ದೋಷ ಕಂಡು ನೀವು ತಿಳಿಸಿದರೆ, ಲೇಔಟ್ ಮಾಡಿದವರು 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಲೇಔಟಿನ ಒಳಗಿನ ಗಟಾರವೂ ಅವರೇ ಮಾಡಿಕೊಡಬೇಕಾದ ಕೆಲಸಗಳ ಪಟ್ಟಿಯಲ್ಲಿದೆ. ಮುಂಗಡ ಕೊಡುವ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಿ: ಈ ಗಟಾರದ ನೀರು ಕೊನೆಗೆ ಎಲ್ಲಿ ಬೀಳುತ್ತದೆ? ಅವರು ಬೆರಳು ತೋರಿಸಿದ ಕಡೆ ನಡೆದುಕೊಂಡು ಹೋಗಿ. ಅಲ್ಲಿ ಯಾರದೋ ಬೆಳೆ ನಿಂತಿದ್ದರೆ ಆ ಪ್ಲಾಟ್ ಬಿಟ್ಟು ಬೇರೆ ನೋಡಿ.