ರೀ: ಒಂದು, ಎರಡು ರೂಪಾಯಿ ನಾಣ್ಯ ಬೆರಕೆ ಆಗೋದ್ಯಾಕೆ?

ಗಾಂಧಿ ಬಜಾರಿನ ಅಂಗಡೀಲಿ ಸೈಜ್ ನೋಡಿ ಚಿಲ್ಲರೆ ವಿಂಗಡಿಸಿದ್ರೂ ಒಂದು ರೂಪಾಯಿ ರಾಶಿಗೆ ಎರಡರದ್ದು ಸೇರ್ಕೊಳ್ಳುತ್ತೆ ಅಂತ ಕೇಳಿದ್ದೀರಿ. ತಪ್ಪು ಅಂಗಡಿ ಹುಡುಗರದ್ದಲ್ಲ ಸಾರ್. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ., 4.85 ಗ್ರಾಂ. 2011ರಲ್ಲಿ ₹ ಚಿಹ್ನೆ ಹೊತ್ತು ಬಂದ ಎರಡು ರೂಪಾಯಿಯೂ ಅಷ್ಟೇ ಅಗಲ, ಅಷ್ಟೇ ತೂಕ! ತಕ್ಕಡಿಗೂ ಗೊತ್ತಾಗಲ್ಲ, ಅಯಸ್ಕಾಂತಕ್ಕೆ ಎರಡೂ ಅಂಟುತ್ತವೆ.

ಹಿಂಬದಿ ನೋಡದೆ ಬೇರೆ ದಾರಿಯಿಲ್ಲ. 25 ಮಿ.ಮೀ.ನ ಬಿಳಿ ನಾಣ್ಯಗಳನ್ನ ಸಿಂಹ ಕೆಳಗೆ ಬರೋ ಹಾಗೆ ಹರಡಿ. ತೆನೆ, ಶಿಲುಬೆಯಂಥ ಗುರುತು, ಹೆಬ್ಬೆರಳೆತ್ತಿದ ಕೈ ಇದ್ರೆ ಒಂದು ರೂಪಾಯಿ. ₹ ಚಿಹ್ನೆ ಇದ್ರೆ ಎರಡು. ಶಿಲುಬೆ ಗುರುತು ಎರಡರಲ್ಲೂ ಬಂದಿತ್ತು, ಆದ್ರೆ ಆ ಎರಡು ರೂಪಾಯಿ ಇನ್ನೂ ದೊಡ್ಡದು. ಯಾರದಾದ್ರೂ ಮುಖ ಕಂಡ್ರೆ ಸ್ಮರಣಾರ್ಥ ನಾಣ್ಯ, ತಿರುಗಿಸಿ ಅಂಕೆ ಓದಿ. ಎಲ್ಲವೂ ಚಲಾವಣೆಯವೇ.

ಬ್ಯಾಂಕಿಗೆ ಕಟ್ಟೋಕೆ ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಮಾಡಿ. ತೂಕದ ಮೇಲೆ ತಗೊಂಡ್ರೆ ನೂರಕ್ಕೆ 485 ಗ್ರಾಂ. ಒಳಗೆ ಸೇರಿದ ಒಂದೊಂದು ಎರಡು ರೂಪಾಯಿಗೂ ನಿಮಗೇ ಒಂದು ರೂಪಾಯಿ ಲುಕ್ಸಾನು.

ಸಣ್ಣ ಸೈಜಿನ ನಾಣ್ಯಗಳ ರಾಶೀಲೂ ಹುಷಾರು: 2011ರ ಒಂದು ರೂಪಾಯಿ ಸುಮಾರು 22 ಮಿ.ಮೀ., 2019ರ ಎರಡು 23.