ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಓದಿದವರಿಗೆ ಕ್ಲಾಟ್ ಆಗ್ತದಾ?

ನಿಮ್ಮ ಪ್ರಶ್ನೆ ಇಷ್ಟು: ಹತ್ತರವರೆಗೆ ಕನ್ನಡ ಮೀಡಿಯಂ, ಈಗ ಬದಿಯಡ್ಕ ಹತ್ರ ಪ್ಲಸ್ ಟು ಕಾಮರ್ಸ್, ಡಿಸೆಂಬರಲ್ಲಿ ಕ್ಲಾಟ್ (ನ್ಯಾಷನಲ್ ಲಾ ಯೂನಿವರ್ಸಿಟಿಗಳಿಗೆ, ಅಂದ್ರೆ ಎನ್ಎಲ್‌ಯುಗಳಿಗೆ ಸೇರುವ ಎಂಟ್ರೆನ್ಸ್ ಪರೀಕ್ಷೆ) ಬರೀಬೇಕು ಅಂತ ಆಸೆ, ಕೋಚಿಂಗಿಗೆ ದುಡ್ಡಿಲ್ಲ, ಕಾನೂನಿನ ಗಂಧಗಾಳಿ ಗೊತ್ತಿಲ್ಲ, ಮೇಲಿಂದ ಅಪ್ಪ ಬೇರೆ "ಲಾಯರ್ ಆಗಿ ಎಂತ ಮಾಡ್ಲಿಕ್ಕೆ" ಅಂತ ಕೇಳ್ತಾರೆ.

ನಾನು ಕುಂಬಳೆ ಕಡೆಯವ. ಹೆಚ್ಚುಕಮ್ಮಿ ಇದೇ ಕಥೆ. 2022ರಲ್ಲಿ ಎರಡು ಸಲ ಕ್ಲಾಟ್ ಬರೆದೆ, ಆ ವರ್ಷ ಜೂನ್ 19ಕ್ಕೆ ಒಂದು ಆಗಿ, ಮುಂದಿನ ವರ್ಷದ ಎಡ್ಮಿಶನ್ನಿಂದು ಡಿಸೆಂಬರ್ 18ಕ್ಕೇ ಬಂತು. ಮೊದಲನೆದ್ದು ಪೂರ್ತಿ ಮಣ್ಣು. ಎರಡನೆದ್ದರಲ್ಲಿ ಒಂದು ಎನ್ಎಲ್‌ಯು ಸೀಟು ಸಿಕ್ಕಿತು, ಟಾಪ್ ಐದರಲ್ಲಿ ಅಲ್ಲ, ಆದ್ರೂ ಸಿಕ್ಕಿತು. ಆ ಆರು ತಿಂಗಳಲ್ಲಿ ನಾನು ಬುದ್ಧಿವಂತ ಆದದ್ದೇನೂ ಅಲ್ಲ, ಓದುವ ಸ್ಪೀಡ್ ಮಾತ್ರ ಬದಲಾದ್ದು.

ಕ್ಲಾಟ್ ಕಾನೂನಿನ ಪರೀಕ್ಷೆ ಅಲ್ಲ ಮಾರಾಯ್ರೆ, ಇಂಗ್ಲಿಷ್ ಓದುವ ಪರೀಕ್ಷೆ. 2020ರಿಂದ ಎಲ್ಲ ಪ್ಯಾಸೇಜ್ ಲೆಕ್ಕ. ಈಗ 120 ಪ್ರಶ್ನೆ, 120 ನಿಮಿಷ, ತಪ್ಪಿಗೆ ಕಾಲು ಮಾರ್ಕು ಕಟ್. 450 ಶಬ್ದದವರೆಗಿನ ಒಂದು ಪ್ಯಾಸೇಜ್ ಕೊಟ್ಟು ಅದರ ಕೆಳಗೆ ನಾಲ್ಕೈದು ಪ್ರಶ್ನೆ ಕೇಳ್ತಾರೆ. ಇಂಗ್ಲಿಷ್, ಕರೆಂಟ್ ಅಫೇರ್ಸ್, ಲೀಗಲ್, ಲಾಜಿಕಲ್, ಕೊನೆಗೆ ಗಣಿತ, ಎಲ್ಲಾ ಹೀಗೇ. ಪೇಪರ್ ಇಂಗ್ಲಿಷಿನಲ್ಲಿ ಮಾತ್ರ, ಬೇರೆ ಭಾಷೆಯಲ್ಲೂ ಕೊಡಿ ಅಂತ ದೆಹಲಿ ಹೈಕೋರ್ಟಿಗೆ 2023ರಲ್ಲಿ ಒಂದು ಅರ್ಜಿ ಹೋಗಿತ್ತು, ಅದನ್ನ ನಂಬಿ ನೀವು ಕೂರ್ಬೇಡಿ.

ನಮ್ಮ ಕಷ್ಟ ಎಂತ ಅಂದ್ರೆ, ಇಂಗ್ಲಿಷ್ ವಾಕ್ಯ ಕಣ್ಣಿಗೆ ಬಿದ್ದ ಕೂಡ್ಲೆ ತಲೆಯೊಳಗೆ ಅದು ಕನ್ನಡ ಆಗ್ಬೇಕು, ಆಮೇಲೆ ಅರ್ಥ ಆಗ್ಬೇಕು, ಅಷ್ಟೊತ್ತಿಗೆ ಮೇಲಿನ ವಾಕ್ಯ ಮರೆತು ಹೋಗಿರ್ತದೆ. ನಾನು ಮೊದಲ ಸಲ ವಾಚ್ ಇಟ್ಟು ಒಂದು ಎಡಿಟೋರಿಯಲ್ ಓದಿದಾಗ ಆರೂವರೆ ನಿಮಿಷ ಬೇಕಾಯ್ತು. ಜಗಲಿಯಲ್ಲಿ ಕೂತು, ಎದುರಿಗೆ ಅಂಗಳದಲ್ಲಿ ಅಡಿಕೆ ಒಣಗ್ತಾ ಇತ್ತು, ಅಮ್ಮ ನಡುವೆ ಎರಡು ಸಲ ಕಾಗೆ ಓಡಿಸ್ಲಿಕ್ಕೆ ಕರೆದ್ರು ಅದನ್ನೂ ಕಳೆದ್ರೆ ಆರು. ಪರೀಕ್ಷೆಯಲ್ಲಿ ಪ್ರಶ್ನೆಗೆ ಒಂದು ನಿಮಿಷ, ಅಂದ್ರೆ ಐದು ಪ್ರಶ್ನೆಯ ಪ್ಯಾಸೇಜಿಗೆ ಓದ್ಲಿಕ್ಕೂ ಉತ್ತರ ಬರೀಲಿಕ್ಕೂ ಸೇರಿ ಐದು ನಿಮಿಷ. ಲೆಕ್ಕ ನೀವೇ ಹಾಕಿ.

ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಕನ್ನಡ ಪೇಪರಲ್ಲಿ ದಿನದ ಎರಡು ಮುಖ್ಯ ಸುದ್ದಿ ಓದ್ತಿದ್ದೆ. ಆಮೇಲೆ ಅದೇ ಸುದ್ದಿಯ ಮೇಲೆ ಇಂಗ್ಲಿಷ್ ಪೇಪರಿನ ಲೇಖನ. ವಿಷಯ ಮೊದಲೇ ಗೊತ್ತಿದ್ರೆ ತಲೆ ಅನುವಾದಕ್ಕೆ ಇಳಿಯೋದಿಲ್ಲ, ಸೀದಾ ಓದ್ತದೆ, ಇದನ್ನ ಯಾರೂ ನನಗೆ ಹೇಳಿರ್ಲಿಲ್ಲ. ಓದಿ ಮುಗಿದ ಮೇಲೆ ಪೇಪರ್ ಮಡಚಿಟ್ಟು, ಬರೆದವ ಎಂತ ಹೇಳ್ತಾನೆ, ಯಾಕೆ ಹೇಳ್ತಾನೆ ಅಂತ ಎರಡು ಸಾಲು ಬರೀಬೇಕು, ಕನ್ನಡದಲ್ಲೇ ಬರೀರಿ ತೊಂದ್ರೆ ಇಲ್ಲ. ಅನ್‌ಲೆಸ್, ಪ್ರೊವೈಡೆಡ್ ದ್ಯಾಟ್, ನಾಟ್‌ವಿತ್‌ಸ್ಟಾಂಡಿಂಗ್ ಈ ತರದ ಷರತ್ತಿನ ಶಬ್ದ ಬಂದಲ್ಲಿ ಪೆನ್ಸಿಲಿನಲ್ಲಿ ಗೋಲ ಹಾಕಿ, ಲೀಗಲ್ ಸೆಕ್ಷನ್ನಲ್ಲಿ ನಾನು ಬಿದ್ದದ್ದೆಲ್ಲ ಈ ಗೋಲಗಳ ಹತ್ರವೇ. ಮೂರು ತಿಂಗಳಾಗುವಾಗ ಎರಡೂವರೆ ನಿಮಿಷಕ್ಕೆ ಬಂದೆ.

ಇನ್ನು ಕಾನೂನು ಗೊತ್ತಿಲ್ಲ ಅಂತ ನಿಮ್ಮ ಹೆದರಿಕೆ. ಗೊತ್ತಿಲ್ಲದ್ದೇ ಒಳ್ಳೆದು! ನಾನು ಮೊದಲ ಸಲಕ್ಕೆ ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿ (ಹೆಸರು ಬೇಡ), ಅವರು ಕೊಟ್ಟ ಕಾನೂನಿನ ಸೂತ್ರವಾಕ್ಯಗಳನ್ನ, ಅದೇ ಲ್ಯಾಟಿನ್ ಮ್ಯಾಕ್ಸಿಮ್‌ಗಳನ್ನ ಬಾಯಿಪಾಠ ಮಾಡಿದ್ದೆ, ಒಂದೂ ಕೆಲಸಕ್ಕೆ ಬರ್ಲಿಲ್ಲ. ಲೀಗಲ್ ಪ್ರಶ್ನೆ ಹೇಗಿರ್ತದೆ ಅಂದ್ರೆ, ನಾನೇ ಒಂದು ಮಾಡಿ ಹೇಳ್ತೇನೆ: ನಿಮ್ಮ ಜಾಗದಲ್ಲಿ ಅಪಾಯದ ವಸ್ತು ತಂದು ಶೇಖರಿಸಿಟ್ಟು ಅದು ಹೊರಗೆ ಹೋಗಿ ಇನ್ನೊಬ್ಬರಿಗೆ ನಷ್ಟ ಆದ್ರೆ, ನಿಮ್ಮ ತಪ್ಪಿಲ್ಲದಿದ್ರೂ ಹೊಣೆ ನಿಮ್ಮದೇ ಅಂತ ಪ್ಯಾಸೇಜಲ್ಲಿ ಉಂಟು. ಕೆಳಗೆ ಕಥೆ: ಗುಡ್ಡದ ಮೇಲಿನವರು ದೊಡ್ಡ ಮದಕ (ನೀರು ನಿಲ್ಲಿಸುವ ಕೆರೆ) ಕಟ್ಟಿದ್ರು, ಆಟಿ ತಿಂಗಳ ಮಳೆಗೆ ಅದು ಒಡೆದು ಕೆಳಗಿನವರ ಅಡಿಕೆ ತೋಟಕ್ಕೆ ನೀರು ನುಗ್ಗಿತು, ಹೊಣೆ ಯಾರು? ಗೈಡ್ ಓದಿದವನಿಗೆ ಕೂಡ್ಲೆ "ಆಕ್ಟ್ ಆಫ್ ಗಾಡ್" (ಪ್ರಕೃತಿ ಕೈಮೀರಿ ಆದದ್ದಕ್ಕೆ ಹೊಣೆ ಇಲ್ಲ ಅನ್ನುವ ವಿನಾಯಿತಿ) ನೆನಪಾಗ್ತದೆ, ದೊಡ್ಡ ಮಳೆ ಅಲ್ವಾ, ಮೇಲಿನವರು ಬಚಾವ್ ಅಂತ ಟಿಕ್ ಹಾಕ್ತಾನೆ. ಪ್ಯಾಸೇಜಲ್ಲಿ ಆ ಎಕ್ಸೆಪ್ಶನ್ ಕೊಟ್ಟೇ ಇರ್ಲಿಲ್ಲ, ಉತ್ತರ ತಪ್ಪು. ಈ ತತ್ವ ಹುಟ್ಟಿದ್ದು 1868ರ ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್ ಕೇಸಲ್ಲಿ, ಅದೂ ಕಟ್ಟಿದ ಕೆರೆಯ ನೀರು ಹೊರಗೆ ನುಗ್ಗಿದ್ದೇ. ಆದ್ರೆ ಅದು ನಿಮಗೆ ಗೊತ್ತಿದ್ರೂ ಗೊತ್ತಿಲ್ಲದಿದ್ರೂ ಪರೀಕ್ಷೆಗೆ ಒಂದೇ. ಪ್ಯಾಸೇಜಿನ ಒಳಗೆ ಇದ್ದದ್ದು ಮಾತ್ರ ಕಾನೂನು ಅಂತ ತಿಳ್ಕೊಳ್ಳಿ.

ಹಳೆ ಗೈಡ್ ಯಾರಾದ್ರೂ ಕೊಟ್ರೆ ಜಾಗ್ರತೆ, 2024 ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ ನಂಬ್ರಗಳೆಲ್ಲ ಉಲ್ಟಾಪಲ್ಟಾ.

ಜಿಕೆಗೆ ಒಂದು ವರ್ಷದ ಸುದ್ದಿ ಸರಿಯಾಗಿ ಓದಿದ್ರೆ ನಡೀತದೆ, ಅದರ ಹಿಂದಿನ ಹಿನ್ನೆಲೆ ಸಮೇತ. ಇದರಲ್ಲಿ ನಮ್ಮ ಊರಿನವರಿಗೆ ಒಂದು ನಾಚಿಕೆಯ ವಿಷಯ ಹೇಳ್ತೇನೆ. ಚೆರ್ಕಳದಿಂದ ಬದಿಯಡ್ಕಕ್ಕೆ ಬಸ್ಸಿನಲ್ಲಿ ಹೋಗುವಾಗ ಎಡನೀರು ಮಠ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ನನಗೆ ಎಡನೀರು ಅಂದ್ರೆ ಯಕ್ಷಗಾನ, ಸ್ವಾಮೀಜಿಯ ಭಾಗವತಿಕೆ, ಅಷ್ಟೇ. 1973 ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪು, 13 ಜನ ಜಡ್ಜ್‌ಗಳು, 7-6, ಸಂವಿಧಾನದ ಮೂಲ ರಚನೆಯನ್ನ ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲ ಅಂತ ಹೇಳಿದ ಆ ಕೇಸಿನ ಕೇಶವಾನಂದ ಭಾರತಿ ಈ ಎಡನೀರು ಸ್ವಾಮೀಜಿಯೇ ಅಂತ ನನಗೆ ಗೊತ್ತಾದ್ದು ಪ್ಲಸ್ ಟುವಿನಲ್ಲಿ, ಯಾವುದೋ ಉತ್ತರ ಭಾರತದವನ ಯೂಟ್ಯೂಬ್ ವಿಡಿಯೋ ನೋಡಿ! ನೀವು ದಿನಾ ಅದೇ ದಾರಿಯಲ್ಲಿ ಹೋಗೋದು ತಾನೆ. ಎಂಡೋಸಲ್ಫಾನ್ ಪರಿಹಾರದ ಬಗ್ಗೆ 2017ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆರ್ಡರ್, ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 350ಎ, 350ಬಿ ವಿಧಿ, ಇದೆಲ್ಲ ನಮ್ಮ ಮನೆ ಬಾಗಿಲಿನ ಸಂಗತಿ, ಇಲ್ಲಿಂದ ಓದ್ಲಿಕ್ಕೆ ಶುರು ಮಾಡಿದ್ರೆ ಸಂವಿಧಾನ ಬೋರ್ ಹೊಡಿಯೋದಿಲ್ಲ.

ಗಣಿತ ಹತ್ತನೆ ಕ್ಲಾಸಿಂದು, ಶೇಕಡಾ, ಅನುಪಾತ, ಸರಾಸರಿ. ಅಡಿಕೆ 400ರಿಂದ 500ಕ್ಕೆ ಏರಿದ್ರೆ 25%, 500ರಿಂದ 400ಕ್ಕೆ ಇಳಿದ್ರೆ 20%, ಇದು ಯಾಕೆ ಅಂತ ಗೊತ್ತಿದ್ರೆ ಅರ್ಧ ಕೆಲಸ ಆಯ್ತು. 10ರಿಂದ 14 ಪ್ರಶ್ನೆ ಇರ್ತದೆ, ಕಾಮರ್ಸಿನವರು ಬಿಡ್ಬೇಡಿ.

ಜೂನಲ್ಲಿ ನಾನು ಕೆಟ್ಟದ್ದು ಹೇಗೆ ಅಂತ ಹೇಳ್ಬೇಕು. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸಲ್ಲಿ ಎರ್ನಾಕುಳಂಗೆ ಹೋಗಿ, ನಿದ್ದೆ ಇಲ್ಲದೆ ಮಧ್ಯಾಹ್ನ 2 ಗಂಟೆಗೆ ಹಾಲಲ್ಲಿ ಕೂತೆ. ಉತ್ತರಗಳನ್ನ ಪ್ರಶ್ನೆಪತ್ರಿಕೆಯಲ್ಲೇ ಗುರುತು ಹಾಕ್ತಾ ಹೋದೆ, ಓಎಂಆರ್ (ಗೋಲ ತುಂಬಿಸುವ ಉತ್ತರ ಹಾಳೆ) ಕೊನೆಗೆ ತುಂಬಿಸುವ ಅಂತ. "ಹತ್ತು ನಿಮಿಷ" ಅಂತ ಮೇಡಂ ಹೇಳುವಾಗ ಅರವತ್ತಕ್ಕಿಂತ ಹೆಚ್ಚು ಗೋಲ ಖಾಲಿ ಉಂಟು, ಕೈ ನಡುಗ್ತಾ ಉಂಟು, 87ರ ಉತ್ತರ 88ರ ಸಾಲಿಗೆ ಹೋಯ್ತು, ಅಲ್ಲಿಂದ ಮುಂದೆ ಎಲ್ಲಾ ಒಂದು ಮನೆ ಜಾರಿ ಕೂತವು. ಪೆನ್ನಲ್ಲಿ ತುಂಬಿಸಿದ್ದು ಅಳಿಸ್ಲಿಕ್ಕೆ ಆಗ್ತದಾ! ಹಾಗಾಗಿ ಒಂದು ಪ್ಯಾಸೇಜ್ ಮುಗೀತಾ, ಅದರ ಗೋಲಗಳನ್ನ ಅಲ್ಲೇ ತುಂಬಿಸಿ ಮುಂದೆ ಹೋಗಿ. ಮನೆಯಲ್ಲಿ ಮಾಕ್ ಬರೆಯುವಾಗಲೂ ಓಎಂಆರ್ ಪ್ರಿಂಟ್ ತೆಗೆದು, ಮಧ್ಯಾಹ್ನ 2ರಿಂದ 4ಕ್ಕೇ ಕೂತು, ಊಟ ಆದ ಮೇಲಿನ ತೂಕಡಿಕೆ ಸಮೇತ ಅಭ್ಯಾಸ ಮಾಡಿ. ಹಳೆ ಪೇಪರ್‌ಗಳು ಕ್ಲಾಟ್ ನಡೆಸುವ ಎನ್ಎಲ್‌ಯು ಕನ್ಸೋರ್ಟಿಯಂ ವೆಬ್‌ಸೈಟಲ್ಲೇ ಫ್ರೀ ಉಂಟು.

ದುಡ್ಡಿನ ವಿಷಯಕ್ಕೆ, ಐಡಿಯಾ (IDIA) ಅಂತ ಒಂದು ಸಂಸ್ಥೆ ಉಂಟು, ಮೊಬೈಲ್ ಕಂಪೆನಿ ಅಲ್ಲ, ಪ್ರೊಫೆಸರ್ ಶಮ್ನಾದ್ ಬಷೀರ್ 2010ರಲ್ಲಿ ಶುರು ಮಾಡಿದ್ದು, ಕಷ್ಟದಲ್ಲಿರುವ ಮಕ್ಕಳನ್ನ ಆರಿಸಿ ಕ್ಲಾಟಿಗೆ ತಯಾರು ಮಾಡ್ತಾರೆ. ಆ ಸಂಸ್ಥೆಗೆ ಇವತ್ತೇ ಬರೀರಿ. ನನಗೆ ತಡವಾಗಿ ಗೊತ್ತಾಯ್ತು.

ಮತ್ತೊಂದು, ಫಾರ್ಮ್ ತುಂಬಿಸುವ ಮೊದಲು ತಿಳ್ಕೊಳ್ಳಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25% ಉಂಟು, ಆದ್ರೆ ಅದಕ್ಕೆ ಕರ್ನಾಟಕದ ಶಾಲೆ ಕಾಲೇಜಲ್ಲಿ 10 ವರ್ಷ ಓದಿರ್ಬೇಕು. ತಲಪಾಡಿ ಗಡಿ ಗೇಟಿಂದ ಈಚೆ ಕೇರಳದಲ್ಲಿ ಎಷ್ಟು ಕನ್ನಡ ಓದಿದ್ರೂ ಲೆಕ್ಕಕ್ಕಿಲ್ಲ. ನಮಗೆ ಲಾಭ ಆಗುವುದು ಕೊಚ್ಚಿಯ ಎನ್ಎಲ್‌ಯು ಆದ ನುವಾಲ್ಸ್‌ನಲ್ಲಿ, ಅಲ್ಲಿ ಕೇರಳದವರಿಗೆ ಸೀಟು ಮೀಸಲು, ವಿಲೇಜ್ ಆಫೀಸಿನಿಂದ ನೇಟಿವಿಟಿ ಸರ್ಟಿಫಿಕೇಟು ಈಗಲೇ ಮಾಡಿಸಿಡಿ. ಕ್ಲಾಟ್ ಒಂದನ್ನೇ ನಂಬ್ಬೇಡಿ, ಕೇರಳದ ಲಾ ಎಂಟ್ರೆನ್ಸೂ ಬರೀರಿ, ನಾಲ್ಕು ಸರಕಾರಿ ಲಾ ಕಾಲೇಜಲ್ಲಿ ನಮಗೆ ಹತ್ರದ್ದು ಕೋಝಿಕ್ಕೋಡು. ಏನೂ ಆಗ್ಲಿಲ್ಲ ಅಂದ್ರೆ ಮಂಗಳೂರು ಉಂಟಲ್ಲ, ಹುಬ್ಬಳ್ಳಿಯ ಲಾ ಯೂನಿವರ್ಸಿಟಿ ಕೆಳಗಿನ ಕಾಲೇಜು, ಪ್ಲಸ್ ಟು ಮಾರ್ಕಲ್ಲೇ ಸೀಟು, ಪರೀಕ್ಷೆ ಕನ್ನಡದಲ್ಲೂ ಬರೀಬಹುದು. ಕೀಳು ಅಂತ ತಿಳ್ಕೊಳ್ಬೇಡಿ, ನಮ್ಮ ಕೋರ್ಟಿನ ಎಷ್ಟೋ ಹಿರಿಯ ವಕೀಲರು ಮಂಗಳೂರು ಉಡುಪಿಯಲ್ಲೇ ಓದಿದವರು.

ಇನ್ನು ನಿಮ್ಮ ಅಪ್ಪನ ಪ್ರಶ್ನೆ. ಕಳೆದ ರಜೆಯಲ್ಲಿ ಊರಿನ ಒಬ್ಬರು ವಕೀಲರ ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಅವರಿಗೆ ಮಲಯಾಳವೂ ಇಂಗ್ಲಿಷೂ ನೀರು ಕುಡಿದ ಹಾಗೆ, ಕನ್ನಡ ಓದ್ಲಿಕ್ಕೆ ಮಾತ್ರ ಬರೋದಿಲ್ಲ. ಮೊದಲ ದಿನವೇ ಒಬ್ಬರು ಅಜ್ಜ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಒಂದು ಆಧಾರ (ಜಾಗದ ಪತ್ರ) ತಂದ್ರು, ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದ ಕಾಲದ್ದು, ಮೋಡಿ ಅಕ್ಷರದ ಕನ್ನಡ, ಗಡಿಯ ವಿವರದಲ್ಲಿ ತೋಡು, ಹಲಸಿನ ಮರ, ಗದ್ದೆಯ ಕಟ್ಟಪುಣಿ. ವಕೀಲರು ಅದನ್ನ ಒಮ್ಮೆ ತಿರುಗಿಸಿ ನೋಡಿ ನನ್ನ ಕಡೆ ದೂಡಿ "ಇದು ನೀನು ಓದು" ಅಂದ್ರು. ನನಗೂ ಒಂದೂವರೆ ಗಂಟೆ ಬೇಕಾಯ್ತು. ಅಷ್ಟೂ ಹೊತ್ತು ಅಜ್ಜ ಎದುರಿನ ಬೆಂಚಲ್ಲಿ ಕೂತು ನನ್ನ ಬಾಯಿಯನ್ನೇ ನೋಡ್ತಾ ಇದ್ರು.